ನಾಲ್ಕನೇ ಮಹಡಿಯಿಂದ ಇಳಿದು ಬಂದ ಸುಯುಂಚು

ನಮ್ಮ ಬಾಲಿಕ್ಚಿ ಪಟ್ಟಣದ ಬಸ್ ನಿಲ್ದಾಣದಲ್ಲಿ ಒಂದು ಸಲವಾದರೂ ಬಸ್ಸಿಗೆ ಕಾದವರಿಗೆ ಸಾಯ್ರಕನ್ ಎಜೆಯ ಮುಖ ಗೊತ್ತಿಲ್ಲದಿದ್ದರೂ ದನಿ ಗೊತ್ತು. ಬೂಮ್ ಕಣಿವೆಯಿಂದ ಉಲಾನ್ ಗಾಳಿ ನುಗ್ಗಿ ತಗಡು ಛಾವಣಿ ಬಡಿಯುತ್ತಿದ್ದಾಗಲೂ ಆ ದನಿ ಗಾಳಿಯನ್ನು ಪಕ್ಕಕ್ಕೆ ಸರಿಸಿ ಬರುತ್ತಿತ್ತು. ಕಾರಾಕೋಲ್ ಬಸ್ಸು ಹೊರಡುತ್ತಿದೆ ಎಂದು ಮೊದಲು ಕಿರ್ಗಿಜ್‌ನಲ್ಲಿ, ಆಮೇಲೆ ಅದನ್ನೇ ರಷ್ಯನ್ನಿನಲ್ಲಿ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಅಭ್ಯಾಸ ಬಿಟ್ಟಿಲ್ಲ. ಅಂಗಳದಲ್ಲಿ ಬೆಕ್ಕನ್ನು ಓಡಿಸುವಾಗಲೂ ಎರಡು ಭಾಷೆಯಲ್ಲಿ ಗದರುತ್ತಾಳೆ. ಹಿರಿಯ ಹೆಂಗಸರನ್ನೆಲ್ಲ ನಾವು ಎಜೆ ಎನ್ನುವುದು, ಅಕ್ಕ ಅಂದ ಹಾಗೆ. ಸಾಯ್ರಕನ್ ನಮ್ಮ ಇಡೀ ಕಟ್ಟಡಕ್ಕೇ ಎಜೆ.

ಅವಳು ಮೇಲಿನ ಹುಲ್ಲುಗಾವಲಿನ ಕಡೆಯ ಹುಡುಗಿ. ಪಟ್ಟಣಕ್ಕೆ ಬಂದಾಗ ರಷ್ಯನ್ನಿನಲ್ಲಿ ಬ್ರೆಡ್ಡು ಕೇಳಲೂ ಬರುತ್ತಿರಲಿಲ್ಲ. ದನಿ ಚೆನ್ನಾಗಿದೆಯೆಂದು ಮೈಕಿನ ಮುಂದೆ ಕೂರಿಸಿದರು. ಕಿರ್ಗಿಜ್ ಸಾಲು ಮುಗಿಸಿ, ರಷ್ಯನ್ ಸಾಲು ಬಾರದೆ ಮೈಕ್ ಆರಿಸಿಬಿಡುತ್ತಿದ್ದಳು. ಪಕ್ಕದ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದವಳು ಜೀನಾಯಿದಾ ಪಾವ್ಲೊವ್ನಾ, ನಮ್ಮ ಬಾಯಲ್ಲಿ ಜೀನಾ ಎಜೆ. ಜನ ಕಡಿಮೆಯಿದ್ದಾಗ ಅವಳು ಕಿಂಡಿ ಮುಚ್ಚಿ, ಹೊಗೆಯಾಡಿಸಿದ ಮೀನು ಬಿಡಿಸುತ್ತ ಈ ಹುಡುಗಿಗೆ ಒಂದೊಂದೇ ಸಾಲು ಬಾಯಿಪಾಠ ಮಾಡಿಸಿದಳು. ಹಾಗೆ ಮಾಡಿಸುತ್ತ ತಾನೂ ಕಿರ್ಗಿಜ್ ಕೇಳಿ ತಿಳಿಯುವಷ್ಟಾದಳು. ಬರೆಯಲು ಮಾತ್ರ ಕೈ ಏಳಲಿಲ್ಲ. ಆಮೇಲೆ ರೈಲು ಹಳಿಯ ಬಳಿಯ ನಮ್ಮ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಇಬ್ಬರಿಗೂ ಎದುರುಬದುರು ಮನೆ ಸಿಕ್ಕಿತು. ಸಂಜೆಯ ಹಾಲು ಚಹಾ ಒಂದು ದಿನ ಈ ಬಾಗಿಲಲ್ಲಿ, ಒಂದು ದಿನ ಆ ಬಾಗಿಲಲ್ಲಿ.

ಕಟ್ಟಡಕ್ಕೊಂದು ವಾಟ್ಸಾಪ್ ಗ್ರೂಪ್ ಮಾಡಿದಾಗ ಅಡ್ಮಿನ್ ಯಾರು ಎಂದು ಯಾರೂ ಕೇಳಲೇ ಇಲ್ಲ. ನೀರು ನಿಲ್ಲುವ ಸುದ್ದಿ, ಕರೆಂಟ್ ಹೋಗುವ ಸುದ್ದಿ, ಯಾರದೋ ಕೀ ಕಳೆದ ಸುದ್ದಿ ಎಲ್ಲವನ್ನೂ ಸಾಯ್ರಕನ್ ಎಜೆ ದನಿಯಲ್ಲೇ ಕಳಿಸುತ್ತಿದ್ದಳು, ಎರಡೆರಡು ಸಲ. ಜಗಳಕ್ಕೇನೂ ಬರವಿರಲಿಲ್ಲ. ಸಲಾಂ ಹೇಳದೆ ನೇರ ವಿಷಯಕ್ಕೆ ಬರುವುದು ದನಗಳ ಲಕ್ಷಣ ಎಂದು ಹಿರಿಯರು. ಸಲಾಮಿಗೆ ಮನೆಗೊಂದು ಮರುಸಲಾಂ ಬಂದರೆ ನೀರು ನಿಲ್ಲುವ ಸುದ್ದಿ ಎಲ್ಲಿ ಹುಡುಕೋದು ಎಂದು ಕಿರಿಯರು. ಸಾವಿನ ಸುದ್ದಿಯ ಕೆಳಗೆ ಯಾರೋ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ, ಒಂದು ವಾರ ಅದೇ ಮೆಟ್ಟಿಲು ಹತ್ತುವ ಮನೆಯವರೆಲ್ಲರ ಮಾತು ಕಳೆದುಕೊಂಡರು. ಇದೆಲ್ಲ ಬರುತ್ತಿತ್ತು, ಹೋಗುತ್ತಿತ್ತು.

ಹೋಗದೆ ಉಳಿದದ್ದು ಉಲುಕ್ಮಾನನ ಮಾತು. ಇವನು ನೆಲಮಹಡಿಯವನು, ತಂದೂರ್ ರೊಟ್ಟಿ ಸುಡುವವನು. ಕೆಟ್ಟವನಲ್ಲ. ಆದರೆ ಫೋನ್ ಕೈಗೆ ಬಂದರೆ ಗಂಟಲು ಒಂದು ಗೇಣು ದೊಡ್ಡದಾಗುತ್ತಿತ್ತು. ಒಂದು ದಿನ ಜೀನಾ ಎಜೆ ಛಾವಣಿ ಸೋರುವ ಬಗ್ಗೆ ಉದ್ದಕ್ಕೆ ಬರೆದಳು, ರಷ್ಯನ್ನಿನಲ್ಲೇ. ಅದರ ಕೆಳಗೆ ಉಲುಕ್ಮಾನ್ ಹೀಗೆ ಬರೆದ: "ನೆಲದ ನೀರು ಕುಡಿಯೋರು ನೆಲದ ಭಾಷೇಲಿ ಬರೀಲಿ. ಆಗದಿದ್ದೋರು ಗ್ರೂಪ್ ಬಿಟ್ಟು ಹೋಗ್ಲಿ." ಕೆಲವರು ಹೌದೆಂದರು, ಕೆಲವರು ಮುಖ ಸಿಂಡರಿಸುವ ಚಿತ್ರ ಹಾಕಿದರು. ಸಾಯ್ರಕನ್ ಎಜೆ ಓದಿದಳು, ಸುಮ್ಮನಿದ್ದಳು. ಮಾತಾಡಿದರೆ ಬೆಂಕಿ ಹೆಚ್ಚುತ್ತದೆ, ತಾನಾಗಿಯೇ ಆರಲಿ ಎಂದು ಅವಳ ಲೆಕ್ಕ. ಸಂಜೆಯ ಹೊತ್ತಿಗೆ ಜೀನಾಯಿದಾ ಪಾವ್ಲೊವ್ನಾ ಗ್ರೂಪ್ ತೊರೆದರು ಎಂಬ ಬೂದು ಅಕ್ಷರದ ಸಾಲು ಕಂಡಿತು.

ಸಾಯ್ರಕನ್ ಚಹಾದ ಹೊತ್ತಿಗೆ ಎದುರು ಬಾಗಿಲು ತಟ್ಟಿದಳು. ಬಾಗಿಲು ಸರಪಳಿಯಷ್ಟೇ ತೆರೆಯಿತು.

"ಏನು, ನೀರು ನಿಲ್ಲುತ್ತಾ?" ಅಂದಳು ಜೀನಾ.

"ಚಹಾ ಇಟ್ಟಿದೀನಿ, ಬಾ."

"ನಿನ್ನ ಗ್ರೂಪ್‌ನೋರಿಗೆ ಕೊಡು."

"ಅವನಿನ್ನೂ ಹುಡುಗ ಕಣೇ ಜೀನಾ. ಏನೋ ಬರೆದ."

"ಅವನು ಬರೆದದ್ದಕ್ಕೆ ನಾನು ಹೋಗಲಿಲ್ಲ ಸಾಯ್ರಾ. ನೀನು ಬರೀದೆ ಕೂತೆ ನೋಡು, ಅದಕ್ಕೆ ಹೋದೆ." ಬಾಗಿಲು ಮುಚ್ಚಿತು.

ಅಂದಿನಿಂದ ಸಾಯ್ರಕನ್ ಎಜೆಯ ಚಹಾ ಪಾತ್ರೆಯಲ್ಲೇ ತಣ್ಣಗಾಗತೊಡಗಿತು. ನೀರು ನಿಲ್ಲುವ ಸುದ್ದಿಯನ್ನು ಗ್ರೂಪಿಗೆ ಕಳಿಸಿದ ಮೇಲೆ ಎದುರು ಬಾಗಿಲ ಮುಂದೆ ನಿಂತು ಒಂದು ಸಲ ರಷ್ಯನ್ನಿನಲ್ಲಿ ಜೋರಾಗಿ ಕೂಗುತ್ತಿದ್ದಳು. ಒಳಗೆ ಬಕೆಟ್ಟಿಗೆ ನೀರು ತುಂಬುವ ಸದ್ದು ಕೇಳುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಗ್ರೂಪಿಗೆ ಮತ್ತೆ ಸೇರಿಸಿದಳು, ಜೀನಾ ಮತ್ತೆ ಹೊರಬಿದ್ದಳು. ಜಾಮ್ ಬಾಟಲಿ ಬಾಗಿಲಲ್ಲಿಟ್ಟಳು, ಅದು ತಿರುಗಿ ಅವಳ ಬಾಗಿಲಿಗೇ ಬಂತು, ಮುಚ್ಚಳ ಕೂಡ ತೆಗೆದಿರಲಿಲ್ಲ. ಆ ಚಳಿಗಾಲವೆಲ್ಲ ಸಾಯ್ರಕನ್ ಎಜೆ ನಡೆಯುವಾಗ ಚಪ್ಪಲಿ ಎಳೆಯುತ್ತಿದ್ದಳು, ನಮಗೆ ಕೆಳಗೆ ಕೇಳುತ್ತಿತ್ತು.

ವಸಂತದಲ್ಲಿ ಉಲುಕ್ಮಾನನ ಹೆಂಡತಿ ಕನಿಶಾಯ್‌ಗೆ ನೋವು ಬಂತು. ಚೊಚ್ಚಲು. ಆಸ್ಪತ್ರೆಗೆ ಸೇರಿಸಿದ. ಇನ್ನೂ ಹೊತ್ತಾಗುತ್ತದೆ, ಮನೆಗೆ ಹೋಗು ಎಂದರು. ನಾದಿಟ್ಟ ಹಿಟ್ಟು ಕಾಯುತ್ತಿತ್ತು, ತಂದೂರಿಗೆ ಹೋದ. ರೊಟ್ಟಿಯೆಲ್ಲ ಸುಟ್ಟು ಮನೆಗೆ ಬಂದವನು ಬಟ್ಟೆಯ ಹಿಟ್ಟೂ ಕೊಡವದೆ ಮಲಗಿಬಿಟ್ಟ.

ಅದೇ ಬೆಳಗ್ಗೆ ಗ್ರೂಪಿನಲ್ಲಿ ಜಿಪರ್‌ಳ ಸಂದೇಶ ಬಿತ್ತು. ಜಿಪರ್ ನಮ್ಮ ಕಟ್ಟಡದ ಕೊನೆಯ ಮೆಟ್ಟಿಲ ಕಡೆಯ ಮನೆಯವಳು, ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಕನಿಶಾಯ್‌ಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದು ಬರೆದಿದ್ದಳು. ಕೆಳಗೆ ಹೂವು, ಪಟಾಕಿ, ಶುಭಾಶಯ ಸುರಿಯತೊಡಗಿದವು.

ಇದನ್ನು ನೋಡಿ ಸಾಯ್ರಕನ್ ಎಜೆಯ ಕೈಯಿಂದ ಚಮಚ ಬಿತ್ತು. ಒಳ್ಳೆಯ ಸುದ್ದಿಯನ್ನು ನಾವು ಹೀಗೆ ಚೆಲ್ಲುವುದಿಲ್ಲ. ತಂದವರು ಮನೆಯ ಬಾಗಿಲಿಗೇ ಹೋಗಬೇಕು, ಮೊದಲು ಸುಯುಂಚು ಎಂದು ಕೂಗಬೇಕು. ಆ ಒಂದು ಮಾತು ಕಿವಿಗೆ ಬಿದ್ದರೆ ಬರುವುದು ಶುಭವೆಂದು ಗೊತ್ತಾಗುತ್ತದೆ, ಕೇಳಿದವನು ತಂದವರಿಗೆ ಅವರು ಬೇಡಿದ್ದನ್ನು ಕೊಡಬೇಕು. ಇಲ್ಲ ಅನ್ನುವ ಹಾಗಿಲ್ಲ.

ಬೇಡಿದ್ದನ್ನು ಕೊಡಬೇಕು ಎಂಬುದು ತಲೆಗೆ ಬಂದೊಡನೆ ಅವಳ ಬುದ್ಧಿ ಓಡಿತು. ಕೆಳಗೆ ಉಲುಕ್ಮಾನನ ಪರದೆ ಇನ್ನೂ ಮುಚ್ಚಿತ್ತು. ಫೋನ್ ಹಿಡಿದು ಜಿಪರ್‌ಳ ಸಂದೇಶ ಅಳಿಸಿದಳು. ಆಮೇಲೆ ಹೂವುಗಳನ್ನು, ಪಟಾಕಿಗಳನ್ನು, ಒಂದನ್ನೂ ಬಿಡದೆ. ಅಡ್ಮಿನ್ ಬಿಟ್ಟು ಯಾರೂ ಬರೆಯದ ಹಾಗೆ ಗ್ರೂಪಿಗೆ ಬೀಗ ಹಾಕಿದಳು. ಕಿಟಕಿ ತೆಗೆದು ಅಂಗಳದಲ್ಲಿದ್ದವರಿಗೆ ಬಾಯಿಗೆ ಬೆರಳಿಟ್ಟು ತೋರಿಸಿದಳು. ನೇರ ಹೋಗಿ ಎದುರು ಬಾಗಿಲು ಬಡಿದಳು.

"ಜೀನಾ, ಉಲುಕ್ಮಾನ್‌ಗೆ ಹೆಣ್ಣು ಮಗು. ಅವನಿಗಿನ್ನೂ ಗೊತ್ತಿಲ್ಲ, ಗ್ರೂಪಲ್ಲಿ ಬಂದದ್ದನ್ನ ಹೂವು ಸಮೇತ ಅಳಿಸಿ ಬೀಗ ಹಾಕಿದೀನಿ. ಹೋಗಿ ಸುಯುಂಚು ಕೇಳು."

"ನಾನಾ? ಅವನ ಬಾಗಿಲಿಗಾ?"

"ನೀನೇ. ಏನು ಕೇಳಿದ್ರೂ ಕೊಡಬೇಕು ಅವನು. ಗ್ರೂಪ್‌ನಲ್ಲಿ ನನ್ನ ಭಾಷೇಲಿ ಬರೆಯೋಕೆ ಬಿಡು ಅಂತ ಕೇಳು. ಕೊಡದೆ ಎಲ್ಲಿ ಹೋಗ್ತಾನೆ."

ಜೀನಾ ಸರಪಳಿಯ ಸಂದಿಗೆ ಮುಖ ತಂದಳು. "ತೂಕ ಎಷ್ಟು?"

"ಯಾರದು?"

"ಮಗೂದು ಮಾರಾಯ್ತಿ. ನಿಂದಲ್ಲ." ಸರಪಳಿ ಸರಿಯಿತು. "ತಡಿ. ಮನೆಯ ನಿಲುವಂಗಿ ಹಾಕ್ಕೊಂಡು ಶುಭ ಸುದ್ದಿ ಹೇಳೋಕೆ ಹೋಗೋರುಂಟಾ? ಕೂದಲು ಬಾಚ್ಕೊಂಡು ಬರ್ತೀನಿ."

ಬಾಚುವುದಷ್ಟೇ ಆಗಿದ್ದರೆ ಸರಿಯಿತ್ತು. ನೀಲಿ ಉಡುಪಿಗೆ ಇಸ್ತ್ರಿಯಾಗಬೇಕು, ಕಿವಿಯ ಓಲೆ ಸಿಗಬೇಕು. ಸಾಯ್ರಕನ್ ಎಜೆ ಮೊದಲು ಕೆಳಗಿಳಿದು ಬಂದಳು. ಅಷ್ಟರಲ್ಲಿ ಮೋಜು ನೋಡಲೆಂದು ನಾವೆಲ್ಲ ಉಲುಕ್ಮಾನನ ಬಾಗಿಲೆದುರು, ಮೆಟ್ಟಿಲ ಬುಡದಿಂದ ಅಂಗಳದವರೆಗೆ ಸೇರಿದ್ದೆವು. ಮುದುಕರು ಕೂಡ ಇದ್ದರು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಎಜೆಯ ಆಜ್ಞೆ.

ಆಗ ಅವನಿಗೆ ಎಚ್ಚರವಾಯಿತು. ಫೋನ್ ತೆಗೆದ. ಗ್ರೂಪಿನಲ್ಲಿ ಮೇಲಿಂದ ಕೆಳಗಿನವರೆಗೆ ಅಡ್ಮಿನ್ ಅಳಿಸಿದ್ದಾರೆ, ಅಡ್ಮಿನ್ ಅಳಿಸಿದ್ದಾರೆ ಎಂಬ ಸಾಲುಗಳು. ಕೆಳಗೆ ಬೀಗ. ಹೆಂಡತಿಗೆ ಕರೆ ಮಾಡಿದ, ಎತ್ತಲಿಲ್ಲ. ಪರದೆ ಸರಿಸಿದ. ಅಂಗಳದಲ್ಲಿ ಹಿರಿಯರೆಲ್ಲ ಸಾಲಾಗಿ ನಿಂತು ಅವನ ಬಾಗಿಲನ್ನೇ ನೋಡುತ್ತಿದ್ದಾರೆ, ಅವನನ್ನು ಕಂಡೊಡನೆ ಒಬ್ಬೊಬ್ಬರೂ ನೆಲ ನೋಡಿದರು.

ನಮ್ಮಲ್ಲಿ ಇದಕ್ಕೆ ಒಂದೇ ಅರ್ಥ. ಸತ್ತ ಸುದ್ದಿಯನ್ನು ಹತ್ತಿರದವರಿಗೆ ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಊರಿಗೆಲ್ಲ ಗೊತ್ತಿರುತ್ತದೆ, ಅವನೊಬ್ಬನಿಂದ ಮುಚ್ಚಿಟ್ಟಿರುತ್ತಾರೆ. ಆಮೇಲೆ ಹಿರಿಯರು ಒಟ್ಟಾಗಿ ಬಾಗಿಲಿಗೆ ಬರುತ್ತಾರೆ.

ಅವನು ಬರಿಗಾಲಲ್ಲಿ ಹೊರಗೆ ಬಂದ. ಮುಖಕ್ಕೆ ಹಿಟ್ಟು ಮೆತ್ತಿತ್ತೋ, ಮುಖವೇ ಹಾಗಾಗಿತ್ತೋ ಗೊತ್ತಾಗಲಿಲ್ಲ.

"ಯಾರು, ಎಜೆ?" ಅಂದ. "ಕನಿಶಾಯಾ? ಮಗುವಾ? ಹೇಳಿಬಿಡಿ."

ತಾನೇನು ಮಾಡಿಟ್ಟೆ ಎಂದು ಸಾಯ್ರಕನ್ ಎಜೆಗೆ ಆಗ ಹೊಳೆಯಿತು. ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಕೂಗಿದವಳು ಅವಳು, ಈಗ ಅವನ ಕಡೆ ಕೈ ಚಾಚಿದಳು. "ಇಲ್ಲ ಮಗಾ, ಅಲ್ಲ, ಅದು ಹಾಗಲ್ಲ" ಎಂದು ತೊದಲಿದ್ದು ಅವನಿಗೆ ಇನ್ನೂ ಕೆಟ್ಟದಾಗಿ ಕೇಳಿತು. ಬರಿಗಾಲಲ್ಲೇ ಆಸ್ಪತ್ರೆಯ ಕಡೆ ತಿರುಗಿದ.

"ಸುಯುಂಚು!"

ಮೆಟ್ಟಿಲ ಮೇಲಿನ ತಿರುವಿನಿಂದ ಬಂತು ಕೂಗು, ಟಿಕೆಟ್ ಕಿಂಡಿಯ ಹಳೆಯ ದನಿ. ಜೀನಾ ಎಜೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ನೀಲಿ ಉಡುಪು, ಒಂದೇ ಕಿವಿಗೆ ಓಲೆ. "ಸುಯುಂಚು ಕೊಡೋ, ಹೆಣ್ಣು ಮಗು, ತಾಯೀನೂ ಚೆನ್ನಾಗಿದಾಳೆ" ಎಂದಳು, ಕಿರ್ಗಿಜ್‌ನಲ್ಲಿ. ಒಂದೊಂದು ಮಾತೂ ಎಡವುತ್ತಿತ್ತು, ಒಂದೂ ತಪ್ಪಿರಲಿಲ್ಲ.

ಉಲುಕ್ಮಾನ್ ಕೊನೆಯ ಮೆಟ್ಟಿಲ ಮೇಲೆ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಣಿಯುತ್ತಿತ್ತು. ನಗುತ್ತಿದ್ದಾನೆಂದು ತಿಳಿಯಲು ನಮಗೆ ಹೊತ್ತು ಹಿಡಿಯಿತು. ಎದ್ದು ಮೊದಲು ತಲೆಯ ಟೋಪಿ ತೆಗೆದು ಕೊಡಲು ಹೋದ.

"ಈ ಟೋಪಿ ಹಾಕ್ಕೊಂಡು ನಾನೇನು ಕುರಿ ಕಾಯಲಾ?" ಅಂದಳು ಜೀನಾ ಎಜೆ.

"ಏನು ಬೇಕೋ ಕೇಳಿ ಎಜೆ. ಇಲ್ಲ ಅನ್ನಲ್ಲ."

ಸಾಯ್ರಕನ್ ಎಜೆ ಹಿಂದಿನಿಂದ ಅವಳ ಮೊಣಕೈಗೆ ತಿವಿದಳು. ಜೀನಾ ತಿರುಗಿಯೂ ನೋಡಲಿಲ್ಲ.

"ಶುಕ್ರವಾರ ಶುಕ್ರವಾರ ಎರಡು ರೊಟ್ಟಿ, ಬಿಸಿ ಇರೋವಾಗಲೇ. ತಳ ಕರಕಲಾಗಿರಬಾರದು. ನಾನು ಇಳಿದು ಬರಲ್ಲ, ಮೇಲೆ ತಂದುಕೊಡಬೇಕು."

"ಆಯ್ತು ಎಜೆ." ಅವನು ಕಾಲಲ್ಲಿ ನೆಲ ಕೆರೆದ. "ಆವತ್ತು ನಾನು ಬರೆದದ್ದು... ಅದು ನಿಮಗೆ ಅಂತ ಅಲ್ಲ."

"ಮತ್ಯಾರಿಗೆ?"

"ಗ್ರೂಪ್‌ಗೆ."

"ಗ್ರೂಪ್‌ನಲ್ಲಿ ಆವತ್ತು ಸೋರೋ ಛಾವಣಿ ಬಗ್ಗೆ ಬರೆದದ್ದು ನಾನೊಬ್ಬಳೇ ತಾನೇ?" ಅಂದಳು ಜೀನಾ ಎಜೆ. "ಹೋಗು, ಮೊದಲು ಮುಖ ತೊಳ್ಕೊ. ಮಗು ಹೆದರುತ್ತೆ."

ಅವನು ಚಪ್ಪಲಿ ಸಿಕ್ಕಿಸಿಕೊಂಡು ಆಸ್ಪತ್ರೆಯ ಕಡೆ ಓಡಿದ. ಸಾಯ್ರಕನ್ ಎಜೆ ಸಿಡುಕಿದಳು. "ರೊಟ್ಟಿ ಕೇಳ್ತೀಯಲ್ಲೇ. ಊರೆಲ್ಲ ಕಾದು ನಿಂತಿದ್ರೆ ರೊಟ್ಟಿ. ಗ್ರೂಪ್ ವಿಷಯ ಕೇಳು ಅಂದಿರಲಿಲ್ವಾ?"

"ಅದು ಅವನ ಕೈಲಿಲ್ಲ, ಕೊಡೋಕೆ," ಅಂದಳು ಜೀನಾ. "ಬೀಗ ಹಾಕೋಳು ನೀನು, ಅಳಿಸೋಳು ನೀನು. ಹೂವು ಅಳಿಸೋಕೆ ಆಗುತ್ತೆ ನಿನಗೆ. ಆವತ್ತು ಆ ಒಂದು ಸಾಲು ಅಳಿಸೋಕೆ ಬೆರಳು ಬರಲಿಲ್ವಾ?" ಮತ್ತೆ ಕಂಬಿ ಹಿಡಿದು ಹತ್ತತೊಡಗಿದಳು.

ಸಾಯ್ರಕನ್ ಎಜೆ ಅಲ್ಲೇ, ಅವನು ಕೂತಿದ್ದ ಮೆಟ್ಟಿಲ ಮೇಲೆ ಕೂತಳು. ಜೀನಾಳನ್ನು ಮತ್ತೆ ಗ್ರೂಪಿಗೆ ಸೇರಿಸಿ, ಫೋನ್ ಬಾಯಿಯ ಬಳಿ ಹಿಡಿದಳು. ನಮಗೆಲ್ಲ ಪರಿಚಯದ ಬಸ್ ನಿಲ್ದಾಣದ ದನಿ ಹೊರಬಂತು, ಆದರೆ ಈ ಸಲ ಮೊದಲು ರಷ್ಯನ್ನಿನಲ್ಲಿ, ಆಮೇಲೆ ಕಿರ್ಗಿಜ್‌ನಲ್ಲಿ.

"ನಿವಾಸಿಗಳ ಗಮನಕ್ಕೆ. ಈ ಗ್ರೂಪ್‌ನಲ್ಲಿ ಯಾರಿಗೆ ಯಾವ ಭಾಷೆ ಬರುತ್ತೋ ಅದರಲ್ಲಿ ಬರೀಬಹುದು. ಯಾರಾದ್ರೂ ಹೋಗಲಿ ಅಂತ ಅನ್ನಿಸಿದ್ರೆ, ಅವರ ಮನೆ ಬಾಗಿಲಿಗೆ ಹೋಗಿ, ಒಂದು ಲೋಟ ಚಹಾ ಕುಡಿದು, ಮುಖ ನೋಡಿ ಹೇಳಿ. ಇದನ್ನ ನಾನು ಚಳಿಗಾಲದಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಜೀನಾಯಿದಾ ಪಾವ್ಲೊವ್ನಾ ಅವರಲ್ಲಿ ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ತಿದೀನಿ."

ಅದನ್ನು ಕಳಿಸಿ, ಬೀಗ ತೆಗೆದಳು. ಮೇಲಿನ ತಿರುವಿನಲ್ಲಿ ಟಣ್ ಎಂದು ಸದ್ದಾಯಿತು. ಹತ್ತುವ ಹೆಜ್ಜೆ ನಿಂತಿತು. ಅದೇ ದನಿ ಅಲ್ಲಿಂದ ಇನ್ನೊಂದು ಸಲ, ಸಣ್ಣದಾಗಿ ಕೇಳಿಬಂತು, ಕೊನೆಯವರೆಗೂ. ಗ್ರೂಪ್ ತೊರೆದರು ಎಂಬ ಸಾಲಿಗಾಗಿ ಎಜೆ ಫೋನನ್ನೇ ನೋಡುತ್ತ ಕೂತಿದ್ದಳು. ಬರಲಿಲ್ಲ. ಬದಲಿಗೆ ಮೇಲಿನಿಂದ ಕೂಗು ಬಂತು. "ಅಲ್ಲೇ ಕೂತಿರ್ತೀಯಾ, ಚಹಾಕ್ಕೆ ಬರ್ತೀಯಾ?"

ಬೀಗ ತೆಗೆದ ಗ್ರೂಪಿನಲ್ಲಿ ಅಂದು ಸಂಜೆಯವರೆಗೂ ಸದ್ದೋ ಸದ್ದು. ಸುದ್ದಿ ಮೊದಲು ತಂದವಳು ನಾನು, ಸುಯುಂಚು ನನ್ನದು ಎಂದು ಜಿಪರ್. ಬೆರಳಲ್ಲಿ ಒತ್ತಿದ್ದು ಸುಯುಂಚು ಆಗುವುದಿಲ್ಲ, ಕಾಲಲ್ಲಿ ನಡೆದು ಬಂದದ್ದೇ ಆಗುವುದು ಎಂದು ಮುದುಕರು. ಸಲಾಂ ಹೇಳದೆ ಮಾತು ಶುರು ಮಾಡಿದ್ದು ಯಾರು ಎಂದು ಮತ್ಯಾರೋ. ಅದಿನ್ನೂ ತೀರ್ಮಾನವಾಗಿಲ್ಲ.

ಕೆಲವು ದಿನಕ್ಕೆ ಕನಿಶಾಯ್ ಮಗುವಿನೊಂದಿಗೆ ಮನೆಗೆ ಬಂದಳು. ಆಮೇಲೆ ಒಂದು ಮಧ್ಯಾಹ್ನ ಜೀನಾ ಎಜೆ, ಸಲಾಂ ಇಲ್ಲದೆ, ರಷ್ಯನ್ನಿನಲ್ಲಿ ಬರೆದಳು. ಮೆಟ್ಟಿಲಿಗೆ ಅಡ್ಡವಾಗಿ ಮಗುವಿನ ತಳ್ಳುಗಾಡಿ ಇಟ್ಟವರು ಯಾರು, ಮನುಷ್ಯರು ಓಡಾಡುವುದು ಬೇಡವೇ ಎಂದು.

ಉಲುಕ್ಮಾನ್ ಕಿರ್ಗಿಜ್‌ನಲ್ಲಿ ಉತ್ತರಿಸಿದ. "ನಂದೇ ಎಜೆ. ಈಗಲೇ ತೆಗೀತೀನಿ. ಮಗು ಮಲಗಿದೆ, ಸ್ವಲ್ಪ ಮೆತ್ತಗೆ ಬೈಯಿರಿ."