ಗುಡ್ರುನ್ ಈಜುಡುಗೆ ತೊಟ್ಟ ದಿನ

ಗುಡ್ರುನ್ ರೋಸ್ಟಾಕ್ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದಳು. ಕತ್ತಿನವರೆಗೆ ಗುಂಡಿ ಹಾಕಿದ ಸಮವಸ್ತ್ರದೊಳಗೆ ಬೆಂದು ಬೆಂದು, ಬೇಸಿಗೆ ರಜೆ ಬಂತೆಂದರೆ ಪ್ರೆರೋ ಕಡಲತೀರಕ್ಕೆ ಓಡುವಳು. ಅಲ್ಲಿ ಮರಳಿನ ಮೇಲೆ ಯಾರೂ ಬಟ್ಟೆ ಹಾಕುವುದಿಲ್ಲ. ಪ್ರೊಫೆಸರು, ಕಟುಕ, ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಹುಟ್ಟಿದ ಹಾಗೇ ಕೂತು ಆಲೂಗಡ್ಡೆ ಸಲಾಡ್ ತಿನ್ನುತ್ತಾರೆ, ಇಸ್ಪೀಟಿಗೆ ಜಗಳವಾಡುತ್ತಾರೆ. ಕದ್ದು ನೋಡಲು ಬಂದವನಿಗೆ ಸ್ವಲ್ಪ ಹೊತ್ತಿನಲ್ಲೇ ಆಕಳಿಕೆ ಬರುತ್ತದೆ. ಗುಡ್ರುನ್ ಮಗುವಾಗಿದ್ದಾಗ ಅಮ್ಮನ ಜೊತೆ ಬಂದವಳು. ಆಮೇಲೆ ಬಸುರಿಯಾಗಿ ಬಂದಳು, ಗಂಡ ಬಿಟ್ಟುಹೋದ ವರ್ಷವೂ ಬಂದಳು. ತನ್ನ ಮೈ ಹೇಗೆ ಕಾಣುತ್ತದೆಂಬ ಯೋಚನೆಯೇ ತಲೆಗೆ ಬಾರದ ಜಾಗ ಅವಳಿಗೆ ಅದೊಂದೇ.

ಕಳೆದ ಚಳಿಗಾಲದಲ್ಲಿ ಗಡ್ಡೆಯಾಗಿ ಅವಳ ಎಡ ಮೊಲೆಯನ್ನು ತೆಗೆದರು. ಔಷಧಕ್ಕೆ ಕೂದಲು ಉದುರಿತು, ಮೈ ಅರ್ಧವಾಯಿತು. ಗಾಯ ಮಾಗಿದರೂ ಅವಳು ಆ ಜಾಗವನ್ನು ಮುಟ್ಟಲಿಲ್ಲ. ಸ್ನಾನ ಮಾಡುವಾಗ ಕೈ ತಾನಾಗಿ ಅದನ್ನು ಬಳಸಿಕೊಂಡು ಹೋಗುತ್ತಿತ್ತು. ಒಂದೇ ಒಂದು ಸಲ ಸಮುದ್ರಕ್ಕಿಳಿದು ಬರೋಣ, ಆಮೇಲೆ ಪ್ರೆರೋ ಸಹವಾಸವೇ ಬೇಡ ಎಂದು ನಿಶ್ಚಯಿಸಿ, ಹುಟ್ಟಿದಂದಿನಿಂದ ಮೊದಲ ಬಾರಿಗೆ ಒಂದು ಈಜುಡುಗೆ ಕೊಂಡಳು.

ಆ ತೀರದಲ್ಲಿ ಪ್ರತಿ ಮನೆಯವರೂ ತಮ್ಮ ಜಾಗದ ಸುತ್ತ ಮೊಣಕಾಲೆತ್ತರದ ಮರಳಿನ ಗೋಡೆ ಕಟ್ಟಿಕೊಳ್ಳುತ್ತಾರೆ. ಕಟ್ಟಿದವರನ್ನು ಕೇಳದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಗುಡ್ರುನ್ ಈಜುಡುಗೆ ತೊಟ್ಟು ಹೋಗಿ ನೋಡಿದರೆ, ಅವಳ ಹಳೇ ಜಾಗದಲ್ಲಿ ಗೋಡೆ ಎದ್ದು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ನನ್ನ ಜಾಗವೂ ಹೋಯಿತಲ್ಲ ಎಂದುಕೊಂಡಳು. ಆದರೂ ಗೋಡೆ ದಾಟಿ ಒಳಗೇ ಹೋಗಿ ಕೂತಳು.

"ಏ, ಏಳಮ್ಮಾ ಮೇಲೆ!" ಪಕ್ಕದ ಗೋಡೆಯಾಚೆ ಮುದುಕ ಏವಾಲ್ಡ್ ಎದ್ದು ನಿಂತಿದ್ದ. ಎಷ್ಟೋ ಬೇಸಿಗೆಯ ನೆರೆಯವನು, ದೋಣಿ ಕಟ್ಟುತ್ತಿದ್ದವನು. ಬಟ್ಟೆಯ ಜೊತೆಗೆ ಕನ್ನಡಕವನ್ನೂ ತೆಗೆದಿಡುವುದು ಅವನ ಅಭ್ಯಾಸ. "ಬಟ್ಟೆಯವರ ತೀರ ಆ ಕಡೆ. ಇದು ನಮ್ಮ ಗುಡ್ರುನ್ ಜಾಗ. ಸೊಂಟ ಹಿಡ್ಕೊಂಡ್ರೂ ಬಿಡ್ದೆ ನಾನೇ ಕಟ್ಟಿಟ್ಟಿದೀನಿ."

ಗುಡ್ರುನ್ ಅವನತ್ತ ತಿರುಗಿದಳು. "ಏವಾಲ್ಡ್, ನಾನೇ ಕಣೋ."

"ಯಾವ ನಾನು? ಗುಡ್ರುನ್ ಈಜುಡುಗೆ ಹಾಕಲ್ಲ. ಅಷ್ಟು ಸಣ್ಣಗೂ ಇಲ್ಲ ಅವಳು. ಏಳು, ಏಳು."

"ಕಣ್ಣಿಗೇನು ಮಣ್ಣು ಬಿತ್ತೇನೋ ಮುದಿಗೂಬೆ!"

ಈ ಬೈಗುಳ ಕೇಳಿ ಅವನ ಹೆಂಡತಿ ಟ್ರೂಡೆ, ಗೋಡೆ ಒರಗಿ ಮಲಗಿದ್ದವಳು, ದಡಕ್ಕನೆ ಎದ್ದಳು. "ಅಯ್ಯೋ, ಅವಳೇ ಕಣ್ರೀ! ಲೇ ಗುಡ್ರುನ್, ಇದೇನೇ ವೇಷ?"

ಗುಡ್ರುನ್ ಎದ್ದು ನಿಂತು ಪಟ್ಟಿಗಳನ್ನು ಭುಜದಿಂದ ಜಾರಿಸಿ, ಉಡುಗೆಯನ್ನು ಕಾಲಬುಡಕ್ಕೆ ಬಿಟ್ಟು, ಕಣ್ಣು ಮುಚ್ಚಿದಳು. ಈಗ ಇವರು ಮುಖ ತಿರುಗಿಸಿದರೆ ತನಗೆ ಹೋಗಲು ಇನ್ನೊಂದು ಜಾಗವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಟ್ರೂಡೆ ಚೆನ್ನಾಗಿಯೇ ನೋಡಿದಳು. ಅಯ್ಯೋ ಪಾಪ ಎನ್ನಲಿಲ್ಲ.

"ಹೊಸ ಚರ್ಮ ಕಣೇ, ಈ ಬಿಸಿಲಿಗೆ ಸುಟ್ಟುಹೋಗತ್ತೆ. ರೀ, ಆ ಕ್ರೀಮ್ ಕೊಡಿ ಇಲ್ಲಿ. ಒಳಗೆ ಬರ್ಲೇನೇ?"

ಗುಡ್ರುನ್ ತಲೆಯಾಡಿಸಿದಳು. ಟ್ರೂಡೆ ಗೋಡೆ ದಾಟಿ ಬಂದು, ಅಂಗೈಗೆ ಕ್ರೀಮ್ ಹಾಕಿಕೊಂಡು, ಕಲೆಯ ಈ ತುದಿಯಿಂದ ಆ ತುದಿಯವರೆಗೆ, ಮಗುವಿಗೆ ಎಣ್ಣೆ ಹಚ್ಚುವಂತೆ ನಿಧಾನವಾಗಿ ಸವರಿದಳು.

"ನೋಯತ್ತಾ?"

"ಇಲ್ಲ. ಅಲ್ಲಿ ಮುಟ್ಟಿದ್ದೇ ಗೊತ್ತಾಗಲ್ಲ, ಟ್ರೂಡೆ. ಸತ್ತುಹೋಗಿದೆ ಆ ಜಾಗ."

"ಎಲ್ಲಿ ಸತ್ತಿದೆ? ನಿಂಗೆ ಗೊತ್ತಾಗ್ದಿದ್ರೆ ಬೇಡ, ನನ್ನ ಕೈಗೆ ಗೊತ್ತಾಗತ್ತೆ. ಬೆಚ್ಚಗಿದೆ ಕಣೇ."

ಗುಡ್ರುನ್ ತನ್ನ ಕೈಯೆತ್ತಿ ಟ್ರೂಡೆಯ ಕೈಯ ಪಕ್ಕದಲ್ಲೇ ಇಟ್ಟಳು. ಹೌದು, ಬೆಚ್ಚಗಿತ್ತು. ಅವಳು ಜೋರಾಗಿ ಅತ್ತಳು. ಆ ಸದ್ದಿಗೆ ಆಚೆ ಇಸ್ಪೀಟಾಡುತ್ತಿದ್ದವರು ಒಮ್ಮೆ ತಲೆಯೆತ್ತಿ ನೋಡಿ, ಗುಡ್ರುನ್ ಬಂದಳು ಎಂದು ತಮ್ಮತಮ್ಮಲ್ಲಿ ಹೇಳಿಕೊಂಡು ಮತ್ತೆ ಎಲೆ ಹಾಕಿದರು.