ಟೈಲರಮ್ಮ ಕಟ್ಟಿದ ಕೆಂಪು ಪಟ್ಟಿ

ಟೈಲರಮ್ಮನಿಗೆ ಸಂಶಯ ಹುಟ್ಟುಗುಣ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವಳು, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ ಎನ್ನುವಳು. ಗಂಡನ ತಂಗಿಯ ಮೇಲಂತೂ ಮದುವೆಯಾದಾಗಿನಿಂದ ಒಂದು ಕಣ್ಣು. ಅವಳು ಅಂಗಡಿಗೆ ಬಂದು ಹೋದಮೇಲೆ ಗುಂಡಿ ಡಬ್ಬಿಯನ್ನು ಅಲುಗಾಡಿಸಿ ನೋಡದೆ ಬಿಟ್ಟದ್ದೇ ಇಲ್ಲ.

ಭೂಕಂಪವಾದ ದಿನ ಅಂಗಡಿಯ ಅಟ್ಟ ಗಂಡನ ಮೇಲೆ ಕುಸಿಯಿತು. ಅಕ್ಕಪಕ್ಕದವರು ಅವನನ್ನು ಎಳೆದು ತೆಗೆದು, ಶಾಲೆಯ ಮೈದಾನದಲ್ಲಿ ಡೇರೆ ಹಾಕಿದ್ದ ಸ್ವಯಂಸೇವಕ ಡಾಕ್ಟರುಗಳ ಹತ್ತಿರ ಹೊತ್ತು ತಂದರು. ಎಲ್ಲಿಂದಲೋ ಬಂದವರು, ಕಾಸು ಕೇಳದವರು! ಟೈಲರಮ್ಮನಿಗೆ ಅಷ್ಟು ಸಾಕಾಯಿತು. "ಪುಕ್ಕಟೆ ಯಾರು ಮಾಡ್ತಾರೆ? ಏನೋ ಇದೆ" ಎಂದು ಗೊಣಗಿದಳು.

ಗಂಡನ ಮೈಮೇಲೆ ಒಂದು ಗೀರೂ ಇರಲಿಲ್ಲ. ಹೊಟ್ಟೆ ನೋವು ಎನ್ನುತ್ತಿದ್ದ, ಅಷ್ಟೇ. ಅವನ ಕೈಗೆ ಕೆಂಪು ಪಟ್ಟಿ ಕಟ್ಟಿದರು. ಹಣೆ ಒಡೆದುಕೊಂಡು ತಾನೂ ಅಲ್ಲಿಗೇ ಬಂದು ರಂಪ ಮಾಡುತ್ತಿದ್ದ ನಾದಿನಿಗೆ ಹಸಿರು. ಹಸಿರಿನವರು ಗೋಡೆಗೊರಗಿ ಮಾತಾಡುತ್ತಿದ್ದರು, ಕೆಂಪಿನವರು ಕಣ್ಣು ಮುಚ್ಚಿ ಮಲಗಿದ್ದರು. ಅಂದರೆ ಕೆಂಪು, ಡಾಕ್ಟರು ಕೈಬಿಟ್ಟವರಿಗೆ! ನಾದಿನಿ ಅತ್ತು ಕರೆದು ಹಸಿರು ಗಿಟ್ಟಿಸಿಕೊಂಡಿದ್ದಾಳೆ! ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ ಪುಣ್ಯಾತ್ಗಿತ್ತಿ? ಕೇಳಿದರೆ ನಿಜ ಹೇಳುತ್ತಾರೆ ಎಂಬ ನಂಬಿಕೆ ಇರಬೇಕಲ್ಲ. ನಾದಿನಿಗೆ ಜೊಂಪು ಹತ್ತಿದ್ದೇ ತಡ, ಎರಡೂ ಪಟ್ಟಿ ಬಿಚ್ಚಿ ಅದಲುಬದಲು ಕಟ್ಟಿಬಿಟ್ಟಳು.

ಆಂಬುಲೆನ್ಸ್ ಬಂತು. "ಕೆಂಪು ಪಟ್ಟಿಯವರು ಮೊದಲು! ತಡವಾದ್ರೆ ಉಳಿಯಲ್ಲ!" ಎಂದು ಡಾಕ್ಟರಮ್ಮ ಕೂಗಿದರು. ಇಬ್ಬರು ನಾದಿನಿಯನ್ನು ಸ್ಟ್ರೆಚರಿಗೆ ಎತ್ತಿದರು. ಟೈಲರಮ್ಮ ಓಡಿಬಂದು ಸ್ಟ್ರೆಚರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಾದಿನಿ ತನ್ನ ಕೈ ನೋಡಿಕೊಂಡಳು. ಬೆವರಲ್ಲಿ ತೊಯ್ದು ಮಲಗಿದ್ದ ಅಣ್ಣನ ಕೈ ನೋಡಿದಳು, ಆಮೇಲೆ ಅತ್ತಿಗೆಯ ಮುಖ ನೋಡಿದಳು. ಸ್ಟ್ರೆಚರಿನಿಂದ ಧಡಕ್ಕನೆ ಇಳಿದು, "ನನ್ನನ್ನಲ್ಲ, ಅಣ್ಣನ್ನ ಎತ್ತಿ! ಕೆಂಪು ಅವನದು!" ಎಂದಳು.

"ಯಾರ್ರೀ ಬದಲಾಯಿಸಿದ್ದು?" ಡಾಕ್ಟರಮ್ಮ ಕೆಂಡವಾದರು.

"ನಾನೇ. ನನ್ನನ್ನ ಮೊದಲು ನೋಡ್ಲಿ ಅಂತ," ಎಂದಳು ನಾದಿನಿ.

ಇಡೀ ಮೈದಾನ ಅವಳಿಗೆ ಛೀಮಾರಿ ಹಾಕಿತು. ಟೈಲರಮ್ಮ ತಲೆ ತಗ್ಗಿಸಿಕೊಂಡು ಗಂಡನ ಜೊತೆ ಗಾಡಿ ಹತ್ತಿದಳು.

ಹೊಟ್ಟೆಯೊಳಗೇ ರಕ್ತ ಸೋರುತ್ತಿತ್ತಂತೆ, ಆಪರೇಷನ್ ಆಗಿ ಗಂಡ ಉಳಿದ. ಮನೆಗೆ ಬಂದಮೇಲೆ ಟೈಲರಮ್ಮ ನಾದಿನಿಯನ್ನು ಕೇಳಿದಳು, "ಯಾಕೆ ನಿನ್ನ ಮೈಮೇಲೆ ಹಾಕ್ಕೊಂಡೆ?"

"ನೀವೇ ಅಂತ ಗೊತ್ತಾಗಿ ನಿಮ್ಮನ್ನ ಅಲ್ಲೇ ನಿಲ್ಲಿಸ್ಕೊಂಡಿದ್ರೆ ಅಣ್ಣನ ಜೊತೆ ಯಾರು ಹೋಗ್ತಿದ್ರು ಅತ್ತಿಗೆ?"

ಇಷ್ಟಾದರೂ ಗುಣ ಹೋಗಬೇಕಲ್ಲ! ಇದಕ್ಕೆ ಪ್ರತಿಯಾಗಿ ಅವಳು ಏನೋ ಕೇಳಿಯೇ ಕೇಳುತ್ತಾಳೆ ಎಂದು ಟೈಲರಮ್ಮ ಕಾದದ್ದೇ ಕಾದದ್ದು. ನಾದಿನಿ ಬರುತ್ತಾಳೆ, ಹೊಲಿಗೆ ಸರಿಯಿಲ್ಲ ಎಂದು ಜಗಳವಾಡಿ ಹೋಗುತ್ತಾಳೆ, ಆ ದಿನದ ಮಾತು ಎತ್ತುವುದೇ ಇಲ್ಲ. ಅವಳು ಹೋದಮೇಲೆ ಟೈಲರಮ್ಮನ ಕೈ ಈಗಲೂ ತಾನಾಗಿ ಗುಂಡಿ ಡಬ್ಬಿಗೆ ಹೋಗುತ್ತದೆ. ಅಲುಗಾಡಿಸುವುದಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾಳೆ.