ಹುಳ ಬಿದ್ದ ನಾಯಿಯನ್ನು ಉಳಿಸಿಕೊಂಡ ಆಂಟಿ

ಆಂಟಿಯ ಎಡಗೈ ಕಿರುಬೆರಳು ಹೊರಕ್ಕೆ ಸೊಟ್ಟಗಾಗಿತ್ತು. ಹಿಂದೆ ಸಾಕಿದ್ದ ನಾಯಿಯೊಂದು ಬೆಕ್ಕನ್ನು ಅಟ್ಟಿಸಿಕೊಂಡು ಹೋದಾಗ ಕೈಯಲ್ಲಿ ಹಿಡಿದಿದ್ದ ಅದರ ಬೆಲ್ಟು ಬೆರಳಿಗೆ ಸುತ್ತಿಕೊಂಡು ಹಾಗಾಗಿತ್ತಂತೆ.

ನಾವು ಅಡಿಲೇಡ್‌ನಿಂದ ಬ್ರಿಸ್ಬೇನ್‌ಗೆ ಬಂದು ಅವರ ಪಕ್ಕದ ಮನೆ ಸೇರಿದ ದಿನ, ಬೇಲಿಯಾಚೆಯಿಂದ ಅವರು ಮೊದಲು ವಿಚಾರಿಸಿದ್ದು ನಮ್ಮನ್ನಲ್ಲ, ನಮ್ಮ ನಾಯಿಯನ್ನು.

“ನಾಯಿಗೆ ಹಾರ್ಟ್‌ವರ್ಮ್ ಮಾತ್ರೆ ಕೊಡ್ತಿದೀರಾ? ಇಲ್ಲಿ ವರ್ಷವಿಡೀ ಸೊಳ್ಳೆ ಕಾಟ. ಕಚ್ಚಿದ ಸೊಳ್ಳೇಲಿ ಮರಿಹುಳ ಇದ್ರೆ, ಅದು ಬೆಳೆದು ಹೃದಯದಲ್ಲೇ ಮನೆ ಮಾಡತ್ತೆ. ತಿಂಗಳ ಮಾತ್ರೆ ಮಧ್ಯೆ ತಪ್ಪಿದ್ರೆ, ಮತ್ತೆ ಕೊಡೋ ಮೊದಲು ಬ್ಲಡ್ ಟೆಸ್ಟ್ ಮಾಡಿಸಿ.”

ಅಂದಿನಿಂದ ತಿಂಗಳು ಹುಟ್ಟಿದರೆ ಬೇಲಿಯ ಬಳಿ ಅದೇ ವಿಚಾರಣೆ.

ಮರುವರ್ಷ ಅವರು ಪ್ರಾಣಿಗಳ ಆಶ್ರಯಧಾಮದಿಂದ ಒಂದು ಕಂದು ನಾಯಿಯನ್ನು ತಂದರು. ಅದರ ಹೃದಯದಲ್ಲಿ ಆಗಲೇ ಹುಳ ಬೆಳೆದಿದ್ದರಿಂದ ಯಾರೂ ಅದನ್ನು ಒಯ್ದಿರಲಿಲ್ಲ. ಹುಳ ಸಾಯಲು ಇಂಜೆಕ್ಷನ್ ಕೊಟ್ಟ ವೈದ್ಯರು, ಕೆಲವು ತಿಂಗಳು ಇದು ಓಡಲೇಬಾರದು, ಓಡಿದರೆ ಸತ್ತ ಹುಳದ ಚೂರು ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡ ಬಂದು ಜೀವವೇ ಹೋದೀತು ಎಂದರು. ಆಂಟಿ ತಮ್ಮ ಹಾಸಿಗೆಯನ್ನು ಅದರ ಗೂಡಿನ ಪಕ್ಕಕ್ಕೇ ತಂದು ಹಾಕಿಕೊಂಡರು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗಿದಾಗ ಅದು ನಡುಗಿ ನುಗ್ಗಲು ನೋಡುತ್ತಿತ್ತು. ಮಳೆ ನಿಲ್ಲುವವರೆಗೂ ಆಂಟಿ ನೆಲದ ಮೇಲೆ ಕೂತು ಅದನ್ನು ತಬ್ಬಿ ಹಿಡಿದಿರುತ್ತಿದ್ದರು.

ದೂರದ ಪರ್ತ್‌ನಲ್ಲಿದ್ದ ಆಂಟಿಯ ಮೊಮ್ಮಗಳ ಮೊದಲ ಹುಟ್ಟುಹಬ್ಬ ಬಂದದ್ದು ಅದೇ ಸಮಯಕ್ಕೆ. ಮಗಳು ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ. ತಾಯಿಯ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಆಕೆ.

“ಅಮ್ಮಾ, ಇಟ್ಸ್ ಜಸ್ಟ್ ಎ ಡಾಗ್!”

“ಈಗ ಬಿಟ್ಟು ಬಂದ್ರೆ ಇದು ಸತ್ತೋಗತ್ತೆ ಕಣೇ. ನಿಂಗೆ ಕೋಪ ಬರತ್ತೆ, ಆಮೇಲೆ ಇಳಿಯತ್ತೆ.”

ನಾಯಿ ಉಳಿಯಿತು. ಪರೀಕ್ಷೆಯಲ್ಲಿ ಹುಳವಿಲ್ಲವೆಂದು ತಿಳಿದ ದಿನ ಆಂಟಿ ನಮಗೆಲ್ಲ ಶಾವಿಗೆ ಪಾಯಸ ಹಂಚಿದರು. ಮಗಳ ಕೋಪ ಮಾತ್ರ ಇಳಿಯಲಿಲ್ಲ. ಆಂಟಿ ಆಮೇಲೆ ಪರ್ತ್‌ಗೆ ಹೋಗಿ ಬಂದರು, ಆದರೆ ಅಲ್ಲಿಯ ಸುದ್ದಿ ಹೆಚ್ಚು ಹೇಳಲಿಲ್ಲ.

ಕಳೆದ ವರ್ಷ ಕರಿಬೇವಿಗೆ ನೀರು ಹಾಕುತ್ತಿದ್ದಾಗ ಕುಸಿದು ಬಿದ್ದ ಆಂಟಿ ಮತ್ತೆ ಏಳಲಿಲ್ಲ. ಕ್ರಿಯೆಗಳೆಲ್ಲ ಮುಗಿದ ಮೇಲೆ, ನಾಯಿಯನ್ನು ನಾವೇ ಇಟ್ಟುಕೊಳ್ಳುತ್ತೇವೆ ಎಂದು ಮಗಳಿಗೆ ಹೇಳಿದೆ. ಆಕೆ ಬೇಡವೆಂದು ತಲೆಯಾಡಿಸಿ, ತಾನೇ ಪರ್ತ್‌ಗೆ ಕರೆದೊಯ್ಯುತ್ತೇನೆ ಎಂದಳು.

ವಿಮಾನ ನಿಲ್ದಾಣದ ಸರಕು ವಿಭಾಗಕ್ಕೆ ಇಬ್ಬರನ್ನೂ ನಾನೇ ಕಾರಿನಲ್ಲಿ ಕರೆದೊಯ್ದೆ. ವಿಮಾನದಲ್ಲಿ ಸಾಗಿಸುವ ಪೆಟ್ಟಿಗೆಯೊಳಗೆ ಹೋಗಲು ನಾಯಿ ಒಪ್ಪಲಿಲ್ಲ. ಸಿಬ್ಬಂದಿ ಇಂಗ್ಲಿಷಿನಲ್ಲಿ ಎಷ್ಟು ರಮಿಸಿದರೂ ಅಲುಗಲಿಲ್ಲ. ಮಗಳು ಸಿಮೆಂಟು ನೆಲದ ಮೇಲೆ ಮಂಡಿಯೂರಿ ಅದರ ಕಿವಿಯ ಹತ್ತಿರ ಬಾಗಿದಳು.

“ಬಾರೋ ಕಂದ,” ಎಂದಳು, ತಡವರಿಸುತ್ತ. “ಮನೆಗೆ ಹೋಗೋಣ.”

ನಾಯಿ ಎದ್ದು ಒಳಗೆ ಹೋಯಿತು.